ಲಾಬ್‌ಸ್ಟರ್ ಬಿಸ್ಕ್: ಕ್ರೀಮ್ ಸುರಿದರೂ ರುಚಿ ಸಪ್ಪೆ, ಎಲ್ಲಿ ತಪ್ಪುತ್ತಿದೆ?

ಬಿಳಿಪಿಂಗಾಣಿ:
ಬಿಸ್ಕ್ (ಚಿಪ್ಪು ಕುದಿಸಿದ ರಸಕ್ಕೆ ಕ್ರೀಮ್ ಬೆರೆಸುವ ನಯವಾದ ಫ್ರೆಂಚ್ ಸೂಪು) ಮಾಡಿದ್ದು ನಾಲ್ಕು ಜನರ ಅಳತೆಗೆ. ಹಾಕಿದ್ದು ಇಷ್ಟು: ತಲಾ 650 ಗ್ರಾಂ ತೂಗುವ ಎರಡು ಲಾಬ್‌ಸ್ಟರ್, 50 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, ಒಂದೂವರೆ ಲೀಟರ್ ನೀರು, 400 ಮಿ.ಲೀ. ಕ್ರೀಮ್. ಲಾಬ್‌ಸ್ಟರನ್ನು ಉಪ್ಪುನೀರಿನಲ್ಲಿ 12 ನಿಮಿಷ ಕುದಿಸಿ ಮಾಂಸ ಬಿಡಿಸಿದ್ದು, ಆಮೇಲೆ ಚಿಪ್ಪನ್ನು ಹಾಗೇ ಬೇರೆ ನೀರಿಗೆ ಹಾಕಿ ಎರಡು ಗಂಟೆ ಕುದಿಸಿದ್ದು. ಬಣ್ಣ ಬಿಳಿಚಿದ ಗುಲಾಬಿ. ರುಚಿ ಬರೀ ಕ್ರೀಮಿನದು, ಕೊನೆಗೆ ನಾಲಿಗೆ ಮೇಲೆ ಸುಣ್ಣ ತಿಂದಂಥ ಕಹಿ. ಮಾಂಸ ರಬ್ಬರ್. ಕ್ರೀಮ್ ಇನ್ನೂ ಬೇಕಿತ್ತೇ, ಅಥವಾ ಬೇರೆ ಯಾವುದಾದರೂ ಹಂತ ತಿದ್ದಬೇಕೇ?

ಸಣ್ಣುರಿ:
ಕ್ರೀಮ್ 150 ಮಿ.ಲೀ.ಗೆ ಇಳಿಸಿ. 400 ಹಾಕಿದರೆ ಎಂಥ ಒಳ್ಳೆಯ ಸ್ಟಾಕ್ (ಚಿಪ್ಪು ಕುದಿಸಿ ಸೋಸಿದ ರಸ) ಆದರೂ ಅದರ ರುಚಿ ಮುಚ್ಚಿಹೋಗುತ್ತದೆ. ನಿಮ್ಮ ತೊಂದರೆ ಇರುವುದು ಅದಕ್ಕೂ ಮೊದಲು: ಚಿಪ್ಪನ್ನು ಕೊಬ್ಬಿನಲ್ಲಿ ಹುರಿದೇ ಇಲ್ಲ.

ಬದುಕಿರುವ ಲಾಬ್‌ಸ್ಟರ್ ನೀಲಿ-ಹಸಿರು ಬೆರೆತ ಕಂದು. ಆ ಚಿಪ್ಪಿನಲ್ಲಿ ಆಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಸಿ ತಗಲಿದಾಗ ಪ್ರೋಟೀನ್ ಹಿಡಿತ ಬಿಡುತ್ತದೆ, ಕೆಂಪು ಹೊರಬರುತ್ತದೆ. ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಿ ಅಲ್ಲ. ನೇರ ನೀರಿಗೆ ಹಾಕಿದ ಚಿಪ್ಪು ತಾನು ಕೆಂಪಾಗಿಯೇ ಉಳಿದು ಸೂಪು ಬಿಳಿಚಿಕೊಳ್ಳುವುದು ಅದಕ್ಕೇ. ಚಿಪ್ಪಿನ ಪರಿಮಳದ ಬಹುಪಾಲೂ ಹುರಿದಾಗ ಹುಟ್ಟುವಂಥದ್ದು, ಅದನ್ನೂ ಬೆಣ್ಣೆಯೇ ಹಿಡಿದಿಡಬೇಕು.

ಇದೇ ಎರಡು ಲಾಬ್‌ಸ್ಟರಿಗೆ ನನ್ನ ಲೆಕ್ಕ: ಬೆಣ್ಣೆ 40 ಗ್ರಾಂ, ವಾಸನೆಯಿಲ್ಲದ ಎಣ್ಣೆ 1 ದೊಡ್ಡ ಚಮಚ, ಈರುಳ್ಳಿ 120 ಗ್ರಾಂ, ಕ್ಯಾರೆಟ್ 60, ಸೆಲರಿ 60, ಬೆಳ್ಳುಳ್ಳಿ 3 ಎಸಳು, ಟೊಮೆಟೊ ಪೇಸ್ಟ್ 30 ಗ್ರಾಂ, ಬ್ರಾಂಡಿ 60 ಮಿ.ಲೀ., ಸಿಹಿಯಿಲ್ಲದ ಬಿಳಿ ವೈನ್ 150 ಮಿ.ಲೀ., ನೀರು ಒಂದೂವರೆ ಲೀಟರ್, ಅಕ್ಕಿ 50 ಗ್ರಾಂ, 35% ಕೊಬ್ಬಿನ ಕ್ರೀಮ್ 150 ಮಿ.ಲೀ. ಜೊತೆಗೆ ಒಂದು ಬೇ ಎಲೆ, ಎರಡು ಮೂರು ಕಡ್ಡಿ ಥೈಮ್, 8 ಕಾಳುಮೆಣಸು. ಟ್ಯಾರಗನ್ ಎಂಬ ಪರಿಮಳದ ಸೊಪ್ಪು ಸಿಕ್ಕರೆ ಒಂದೇ ಕಡ್ಡಿ. ಹೆಚ್ಚಾದರೆ ಸೋಂಪಿನ ಕಷಾಯದಂತಾಗುತ್ತದೆ. ಕೊನೆಗೆ ಸುಮಾರು ಒಂದು ಲೀಟರ್ ಸೂಪು ಸಿಗಬೇಕು.

ಅಗಲ ತಳದ ದಪ್ಪ ಪಾತ್ರೆ ತಗೊಳ್ಳಿ. ಚಿಪ್ಪನ್ನು ಬಟ್ಟೆಯಿಂದ ಒರೆಸಿ. ಒದ್ದೆ ಚಿಪ್ಪು ಹುರಿಯುವ ಬದಲು ಬೇಯುತ್ತದೆ. ಎಣ್ಣೆ ಕಾದ ಮೇಲೆ ಚಿಪ್ಪು ಹಾಕಿ ಮಧ್ಯಮಕ್ಕಿಂತ ಸ್ವಲ್ಪ ಜೋರು ಉರಿಯಲ್ಲಿ 8ರಿಂದ 10 ನಿಮಿಷ. ಕೊನೆಯ ಮೂರು ನಿಮಿಷ ಇರುವಾಗ ಬೆಣ್ಣೆ. ಮೊದಲೇ ಹಾಕಿದರೆ ಬೆಣ್ಣೆಯಲ್ಲಿನ ಹಾಲಿನ ಅಂಶ ಸೀದು ಕಹಿಯಾಗುತ್ತದೆ. ಅಂಚುಗಳು ಅಲ್ಲಲ್ಲಿ ಕಂದಾಗಿ, ಸುಟ್ಟ ಕಡಲೆಕಾಯಿ ನೆನಪಾಗುವ ಘಮ ಬಂದರೆ ಹದ. ಕಪ್ಪಾದ ಚೂರಿದ್ದರೆ ಆರಿಸಿ ತೆಗೆಯಿರಿ.

ಆಮೇಲೆ ತರಕಾರಿ 6 ನಿಮಿಷ. ಬಳಿಕ ಪಾತ್ರೆಯ ನಡುವೆ ಜಾಗ ಮಾಡಿ ಟೊಮೆಟೊ ಪೇಸ್ಟನ್ನು ನೇರವಾಗಿ ತಳಕ್ಕೆ ಹಚ್ಚಿ, ಇಟ್ಟಿಗೆ ಬಣ್ಣ ಬರುವವರೆಗೆ ಎರಡು ನಿಮಿಷ ಬಾಡಿಸಿ. ಹಸಿ ಪೇಸ್ಟ್ ಉಳಿದರೆ ಬಿಸ್ಕ್ ಹೋಗಿ ಟೊಮೆಟೊ ಸೂಪು ಆಗುತ್ತದೆ.

ಜರಡಿ:
ಒಪ್ಪಿದೆ. ಸುಣ್ಣದ ರುಚಿಯ ಬಗ್ಗೆ: ಎರಡು ಗಂಟೆ ಕುದಿಸಿದ್ದೇ ಕಾರಣ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹೇರಳ. ಮೂಳೆಯ ಸ್ಟಾಕಿಗೆ ಗಂಟೆಗಟ್ಟಲೆ ಬೇಕು, ಏಕೆಂದರೆ ಅಲ್ಲಿ ಜೆಲಾಟಿನ್ ಕರಗಬೇಕು. ಲಾಬ್‌ಸ್ಟರ್ ಚಿಪ್ಪಿನಲ್ಲಿ ಅಂಥ ಜೆಲಾಟಿನ್ನೇ ಇಲ್ಲ, ಕಾಯುವುದಕ್ಕೆ ಅರ್ಥವೂ ಇಲ್ಲ. ಕುದಿ ಬಂದ ಮೇಲೆ 35ರಿಂದ 40 ನಿಮಿಷ, ಅದೂ ಅಂಚಿನಲ್ಲಿ ಗುಳ್ಳೆ ಏಳುವಷ್ಟೇ ಉರಿ. ಅದಾದ ಮೇಲೆ ಘಮ ಗಾಳಿಗೆ ಹೋಗುತ್ತದೆ, ಕಹಿ ಪಾತ್ರೆಯಲ್ಲಿ ಉಳಿಯುತ್ತದೆ.

ಇನ್ನೊಂದು ಕಾರಣ ಇರಬಹುದು. ತಲೆಭಾಗ ಸೀಳಿದಾಗ ಎರಡು ಪಕ್ಕದಲ್ಲೂ ಗರಿಯಂತೆ ಕಾಣುವ ಬೂದು ಕಿವಿರುಗಳಿರುತ್ತವೆ, ಕಣ್ಣುಗಳ ಹಿಂದೆ ಮರಳಿನಂಥ ಗಟ್ಟಿ ಚೀಲ ಇರುತ್ತದೆ (ಅದು ಹೊಟ್ಟೆ). ಇವೆರಡನ್ನೂ ತೆಗೆದಿದ್ದೀರಾ? ಕಿವಿರು ಸ್ಟಾಕಿಗೆ ಕೆಸರಿನ ವಾಸನೆ ಕೊಡುತ್ತದೆ. ಬಾಲದ ಉದ್ದಕ್ಕೂ ಹೋಗುವ ಕಪ್ಪು ಕರುಳನ್ನೂ ಎಳೆದು ತೆಗೆಯಬೇಕು.

ಬಿಳಿಪಿಂಗಾಣಿ:
ಕಿವಿರು ತೆಗೆದಿಲ್ಲ. ತಲೆಯೊಳಗೆ ಹಸಿರು ಮುದ್ದೆಯೊಂದಿತ್ತು, ಜೊತೆಗೆ ಕೆಂಪು ಕಾಳಿನಂಥದ್ದು. ಎರಡೂ ಸ್ಟಾಕಿಗೇ ಹೋದವು.

ಜರಡಿ:
ಹಸಿರು ಮುದ್ದೆ ಟೊಮ್ಯಾಲಿ, ಪಿತ್ತಜನಕಾಂಗ-ಮೇದೋಜೀರಕ ಎರಡರ ಕೆಲಸವನ್ನೂ ಮಾಡುವ ಅಂಗ. ಹಳೆಯ ಪದ್ಧತಿಯವರು ಅದನ್ನು ಬೆಣ್ಣೆಗೆ ಕಲಸಿ ಕೊನೆಗೆ ಹಾಕುತ್ತಾರೆ, ರುಚಿಯೂ ಹೌದು. ಆದರೆ ನೀರಿನಲ್ಲಿನ ವಿಷಪಾಚಿಯ ಅಂಶ, ಭಾರಲೋಹ ಎಲ್ಲ ಬಂದು ಸೇರುವುದೂ ಅಲ್ಲಿಯೇ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿ ಟೊಮ್ಯಾಲಿ ತಿನ್ನಬೇಡಿ ಎಂದೇ ಸೂಚನೆ ಕೊಟ್ಟಿತ್ತು. ಬಿಟ್ಟುಬಿಡಿ, ಬಿಸ್ಕಿಗೆ ಏನೂ ಕಡಿಮೆಯಾಗುವುದಿಲ್ಲ.

ಆ ಕೆಂಪು ಕಾಳು (ಹಸಿಯಾಗಿದ್ದಾಗ ಕಪ್ಪು-ಹಸಿರು) ಹೆಣ್ಣು ಲಾಬ್‌ಸ್ಟರಿನ ಮೊಟ್ಟೆ. ಅದನ್ನು ಸ್ಟಾಕಿಗೆ ಹಾಕಿದ್ದು ನಷ್ಟ. ಹಸಿಯಾಗಿರುವಾಗಲೇ 20 ಗ್ರಾಂ ಮೆತ್ತನೆಯ ಬೆಣ್ಣೆಗೆ ಅರೆದು ಜರಡಿ ಹಿಡಿದಿಟ್ಟು, ಕೊನೆಯಲ್ಲಿ ಬಿಸಿ ಸೂಪಿಗೆ ಕಲಸಿದರೆ ಕಣ್ಣೆದುರೇ ಕಿತ್ತಳೆ-ಕೆಂಪು ತಿರುಗುತ್ತದೆ. ಹಾಕಿದ ಮೇಲೆ ಮೊಟ್ಟೆ ಬೇಯುವಷ್ಟು ಬಿಸಿ ಇರಲಿ, ಕುದಿ ಬೇಡ.

ಉಪ್ಪುನೀರು:
ಮೂಲದಲ್ಲೇ ಇನ್ನೊಂದು ಸೋರಿಕೆ ಇದೆ, ಯಾರೂ ಹೇಳಲಿಲ್ಲ. ಲಾಬ್‌ಸ್ಟರನ್ನು ಪಾತ್ರೆ ತುಂಬ ಉಪ್ಪುನೀರಿನಲ್ಲಿ 12 ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿದರೆ ಅರ್ಧ ರುಚಿ ಚರಂಡಿಗೆ. ಆ ನೀರನ್ನೇ ಸ್ಟಾಕಿಗೆ ಬಳಸೋಣ ಎಂದರೆ, ಸಮುದ್ರದ ಹದಕ್ಕೆ ಲೀಟರಿಗೆ 35 ಗ್ರಾಂ ಉಪ್ಪು ಹಾಕಿರುತ್ತಾರೆ, ಬತ್ತಿಸಿದಾಗ ಬಾಯಿಗಿಡಲು ಆಗುವುದಿಲ್ಲ.

ಎರಡು ದಾರಿ ಇದೆ. ಮೊದಲನೆಯದು ಹಬೆ. ತಳದಲ್ಲಿ 3 ಸೆಂ.ಮೀ. ನೀರು, ಉಪ್ಪಿಲ್ಲ, ಮೇಲೆ ಜಾಲರಿ. ಈ ತೂಕದ ಲಾಬ್‌ಸ್ಟರಿಗೆ 6 ನಿಮಿಷ. ತಕ್ಷಣ ಮಂಜುಗಡ್ಡೆ ನೀರಿನಲ್ಲಿ ಅದ್ದಿ ತೆಗೆಯಿರಿ. ಮಾಂಸ ಅರೆಬೆಂದಿರುತ್ತದೆ, ಚಿಪ್ಪಿನಿಂದ ಬಿಟ್ಟುಬರುತ್ತದೆ. ತಳದ ನೀರನ್ನು ಬಟ್ಟೆಯಲ್ಲಿ ಸೋಸಿ ಆ ಒಂದೂವರೆ ಲೀಟರಿನ ಲೆಕ್ಕಕ್ಕೆ ಸೇರಿಸಿ. ಮಾಂಸ ಬಿಡಿಸುವುದನ್ನು ತಟ್ಟೆಯ ಮೇಲೆ ಮಾಡಿ, ಸೋರುವ ರಸವೂ ಪಾತ್ರೆಗೆ.

ಎರಡನೆಯದು ಹಸಿಯಾಗಿಯೇ ತುಂಡರಿಸಿ ಚಿಪ್ಪು ಹುರಿಯುವುದು. ರುಚಿಗೆ ಇದೇ ಮೇಲು, ಹಸಿ ರಸವೆಲ್ಲ ಹುರಿಯುವ ಪಾತ್ರೆಯಲ್ಲೇ ಕಂದಾಗುತ್ತದೆ. ಕಷ್ಟ ಏನೆಂದರೆ ಹಸಿ ಮಾಂಸ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಮುಂದಿನ ದೊಡ್ಡ ಕೊಂಡಿಗಳಿಂದ ಇಡಿಯಾಗಿ ಬರುವುದಿಲ್ಲ. ಕೊಂಡಿಗಳನ್ನು ಮಾತ್ರ 4 ನಿಮಿಷ ಹಬೆಯಲ್ಲಿಟ್ಟು, ಬಾಲವನ್ನು ಕತ್ತರಿಯಿಂದ ಹೊಟ್ಟೆಯ ಕಡೆ ಸೀಳಿದರೆ ಸುಲಭ.

ಹಿತ್ತಾಳೆಸೌಟು:
ಜೀವಂತ ಲಾಬ್‌ಸ್ಟರನ್ನು ಹೇಗೆ ಕೊಲ್ಲುವುದು ಎಂಬುದನ್ನೂ ಬರೆಯಿರಿ. ನೇರ ಕುದಿನೀರಿಗೆ ಹಾಕುವುದನ್ನು ಸ್ವಿಟ್ಜರ್ಲೆಂಡ್ 2018ರಲ್ಲೇ ನಿಷೇಧಿಸಿದೆ.

ಉಪ್ಪುನೀರು:
ಫ್ರೀಜರಿನಲ್ಲಿ 30 ನಿಮಿಷ ಇಟ್ಟು ಮಂಪರಾದ ಮೇಲೆ ಬೋರ್ಡಿನ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿಸಿ. ತಲೆಯ ಬೆನ್ನಿನ ಮೇಲೆ ಅಡ್ಡಗೆರೆ ಕಾಣುತ್ತದೆ. ಅದರ ಮುಂಭಾಗದಲ್ಲಿ, ನಡುಗೆರೆಯ ಮೇಲೆ ದಪ್ಪ ಚಾಕುವಿನ ಮೊನೆ ಇಟ್ಟು ಬೋರ್ಡಿಗೆ ತಾಗುವವರೆಗೆ ಒತ್ತಿ, ಚಾಕುವನ್ನು ಕಣ್ಣುಗಳ ಕಡೆಗೆ ಕೆಳಗಿಳಿಸಿ. ತಕ್ಷಣ ದೇಹದ ಉಳಿದ ಭಾಗವನ್ನೂ ಉದ್ದಕ್ಕೆ ಸೀಳಿಬಿಡಿ, ನರದ ಗಂಟುಗಳು ತಲೆಯಲ್ಲಷ್ಟೇ ಅಲ್ಲ, ಮೈಯುದ್ದಕ್ಕೂ ಇರುತ್ತವೆ. ಆಮೇಲೂ ಕಾಲು ಸ್ವಲ್ಪ ಹೊತ್ತು ಅಲುಗಾಡಬಹುದು.

ಮೊದಲೇ ಸತ್ತು ಬಿದ್ದಿದ್ದ ಲಾಬ್‌ಸ್ಟರ್ ಬೇಡವೇ ಬೇಡ. ಜೀರ್ಣರಸದ ಕಿಣ್ವಗಳು ಸತ್ತ ಕೂಡಲೇ ಮಾಂಸವನ್ನು ಕರಗಿಸಲು ಶುರುಮಾಡುತ್ತವೆ, ಹಿಟ್ಟಿನಂತೆ ಪುಡಿಯಾಗುತ್ತದೆ. ಬೇಯಿಸಿ ಮಾರುವುದನ್ನು ತರುವವರು ಬಾಲ ನೋಡಿ: ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಜೀವಂತ ಬೇಯಿಸಿದ್ದು. ನೆಟ್ಟಗೆ ಜೋತುಬಿದ್ದಿದ್ದರೆ ಅನುಮಾನಿಸಿ. ಅಮೋನಿಯದ ವಾಸನೆ ಬಂದರೆ ಎರಡನೇ ಯೋಚನೆ ಬೇಡ, ಎಸೆಯಿರಿ.

ಮರಳುಗಡಿಯಾರ:
ಇಡೀ ಲಾಬ್‌ಸ್ಟರ್ ಸಿಗದೆ ಫ್ರೀಜರಿನ ಬಾಲ ಮಾತ್ರ ಇದ್ದರೆ? ಕೊಂಡಿ ಇಲ್ಲದ, ಮುಳ್ಳು ಚಿಪ್ಪಿನ ಜಾತಿ ಆಗುತ್ತದೆಯೇ?

ಸಣ್ಣುರಿ:
ಮುಳ್ಳು ಲಾಬ್‌ಸ್ಟರ್ ಚೆನ್ನಾಗಿಯೇ ಆಗುತ್ತದೆ. ಅದರ ತಲೆ ದೊಡ್ಡದು, ಮೀಸೆಗಳು ದಪ್ಪ, ಹಾಗಾಗಿ ಸ್ಟಾಕಿಗೆ ಚಿಪ್ಪು ಧಾರಾಳ. ಬಾಲ ಮಾತ್ರ ಇದ್ದರೆ ಚಿಪ್ಪು ಸಾಲುವುದಿಲ್ಲ. 150 ಗ್ರಾಮಿನ ನಾಲ್ಕು ಬಾಲಕ್ಕೆ 300 ಗ್ರಾಂ ಸೀಗಡಿ ತಲೆ-ಸಿಪ್ಪೆ ಸೇರಿಸಿ ಹುರಿಯಿರಿ. ಸೀಗಡಿ ತಲೆಯ ಕೊಬ್ಬು ಬಣ್ಣವನ್ನೂ ಕೊಡುತ್ತದೆ. ಬಾಲವನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳತಟ್ಟೆಗೆ ಇಳಿಸಿಡಿ, ಬಿಸಿನೀರಿನಲ್ಲಿ ಕರಗಿಸಿದರೆ ಹೊರಪದರ ಬೆಂದು ಒಳಗೆ ಗಡ್ಡೆ ಉಳಿಯುತ್ತದೆ.

ಹಿತ್ತಾಳೆಸೌಟು:
ಮೈದಾ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲವಲ್ಲ! ಲೀಟರಿಗೆ 40 ಗ್ರಾಂ ಮೈದಾ ಹುರಿದು ಹಾಕಿದರೆ ಗ್ರೇವಿಯ ಹದ ಬರುತ್ತದೆ. ಕನಿಷ್ಠ 20 ನಿಮಿಷ ಸಣ್ಣ ಕುದಿಯಲ್ಲಿ ಇರದಿದ್ದರೆ ಹಸಿಹಿಟ್ಟಿನ ವಾಸನೆ ಬೇರೆ. ಬಿಸ್ಕಿಗೆ ಹಳೆಯ ಫ್ರೆಂಚ್ ಕ್ರಮ ಅಕ್ಕಿಯದೇ. ಅಕ್ಕಿಗೆ ತನ್ನದೇ ರುಚಿ ಕಡಿಮೆ, ಚಿಪ್ಪಿನ ರುಚಿ ಎದ್ದು ಕಾಣುತ್ತದೆ.

ಜರಡಿ:
ಮೈದಾಕ್ಕೂ ಅದರದೇ ಗುಣ ಇದೆ: ಆರಿದ ಮೇಲೂ ನಯ ಕೆಡುವುದಿಲ್ಲ. ಅಕ್ಕಿ ಹಾಕಿದ ಸೂಪು ಫ್ರಿಜ್ಜಿನಲ್ಲಿ ಮುದ್ದೆಯಾಗುತ್ತದೆ, ಮರುದಿನ ಸ್ಟಾಕ್ ಹಾಕಿ ತೆಳು ಮಾಡಿಕೊಳ್ಳಬೇಕು. ಆದರೂ ಅವತ್ತೇ ಬಡಿಸುವುದಾದರೆ ನಾನೂ ಅಕ್ಕಿಯ ಕಡೆಗೆ. ಅಕ್ಕಿಯನ್ನು ಚಿಪ್ಪಿನ ಜೊತೆ ಹಾಕಬೇಡಿ, ಸೋಸುವಾಗ ಅರ್ಧ ಜರಡಿಯಲ್ಲೇ ಉಳಿಯುತ್ತದೆ. ಸ್ಟಾಕ್ ಸೋಸಿ, ಆ ಸ್ಟಾಕಿನಲ್ಲಿ ಅಕ್ಕಿಯನ್ನು 25 ನಿಮಿಷ, ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸಿ. ಅರೆಬೆಂದ ಅಕ್ಕಿ ಎಷ್ಟು ರುಬ್ಬಿದರೂ ರವೆಯಂತೆ ನಾಲಿಗೆಗೆ ಸಿಗುತ್ತದೆ.

ಸೋಸುವುದು ಹೇಗೆಂದರೆ: ಮೊದಲು ದೊಡ್ಡ ಕಣ್ಣಿನ ಜರಡಿ, ಸೌಟಿನ ಬೆನ್ನಿನಿಂದ ಚಿಪ್ಪನ್ನು ಬಲವಾಗಿ ಒತ್ತಿ ಹಿಂಡಿ. ಒತ್ತಿದಾಗ ಇಳಿಯುವ ಕೊನೆಯ ಅರ್ಧ ಕಪ್ಪಿನಲ್ಲೇ ಗಟ್ಟಿ ರಸ ಇರುವುದು. ಅಕ್ಕಿ ಬೆಂದು ರುಬ್ಬಿದ ನಂತರ ನುಣ್ಣನೆಯ ಜರಡಿಯಲ್ಲಿ ಮತ್ತೊಮ್ಮೆ.

ಮರಳುಗಡಿಯಾರ:
ಚಿಪ್ಪು ಸಮೇತ ಮಿಕ್ಸಿಗೆ ಹಾಕಿ ರುಬ್ಬಿ ಸೋಸುವ ವಿಧಾನವೂ ಇದೆಯಲ್ಲ?

ಜರಡಿ:
ಸೀಗಡಿ ಸಿಪ್ಪೆಗೆ ಸರಿ. ಲಾಬ್‌ಸ್ಟರಿನ ಕೊಂಡಿ ಚಿಪ್ಪು ಕಲ್ಲಿನಷ್ಟು ಗಟ್ಟಿ, ಮನೆಯ ಮಿಕ್ಸಿಯ ಬ್ಲೇಡ್ ಹಲ್ಲು ಬೀಳುತ್ತದೆ, ಸೂಪಿಗೆ ಮರಳು ಬೆರೆಸಿದಂತಾಗುತ್ತದೆ. ಹುರಿಯುವ ಮೊದಲು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಎರಡು ಮೂರು ಸೆಂ.ಮೀ. ಚೂರಾಗುವಂತೆ ಜಜ್ಜಿ, ಸಾಕು. ಪುಡಿ ಮಾಡಬೇಡಿ, ಪುಡಿ ತಳ ಹಿಡಿಯುತ್ತದೆ.

ಬಿಸಿ ಸೂಪು ರುಬ್ಬುವಾಗ ಮಿಕ್ಸಿಯ ಜಾರನ್ನು ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮುಚ್ಚಳದ ನಡುವಿನ ಬಿರಡೆ ತೆಗೆದು ಮಡಚಿದ ಬಟ್ಟೆ ಒತ್ತಿ ಹಿಡಿದು, ಕಡಿಮೆ ವೇಗದಿಂದ ಶುರುಮಾಡಿ. ಒಳಗಿನ ಹಬೆ ಒಮ್ಮೆಲೇ ಹಿಗ್ಗಿ ಮುಚ್ಚಳ ಹಾರಿದರೆ ಕೈ-ಮುಖ ಸುಡುತ್ತದೆ. ನಡುವೆ ತೂತಿಲ್ಲದ ಮುಚ್ಚಳವಿದ್ದರೆ ಸೂಪನ್ನು ತಣ್ಣಗಾಗಿಸಿಯೇ ರುಬ್ಬಿ.

ಬಿಳಿಪಿಂಗಾಣಿ:
ಬ್ರಾಂಡಿಗೆ ಬೆಂಕಿ ಕೊಡುವುದು ಅಗತ್ಯವೇ? ಮದ್ಯ ಬೇಡವೆನ್ನುವವರಿಗೆ ಏನು ಮಾಡಬಹುದು?

ಹಿತ್ತಾಳೆಸೌಟು:
ಬೆಂಕಿ ಅಗತ್ಯವಿಲ್ಲ. ಜೋರು ಉರಿಯಲ್ಲಿ ಒಂದೂವರೆ ನಿಮಿಷ ಬತ್ತಿಸಿದರೂ ಖಾರವಾದ ಮದ್ಯದ ವಾಸನೆ ಹೋಗುತ್ತದೆ. ಹಚ್ಚುವುದೇ ಆದರೆ ಚಿಮಣಿಯ ಫ್ಯಾನ್ ಆರಿಸಿ, ಒಲೆ ಆರಿಸಿ, ಬ್ರಾಂಡಿಯನ್ನು ಬಟ್ಟಲಲ್ಲಿ ಅಳೆದು ಸುರಿದು, ಉದ್ದ ಕಡ್ಡಿಯಿಂದ ಹಚ್ಚಿ. ಬಾಟಲಿಯಿಂದ ನೇರ ಸುರಿದರೆ ಜ್ವಾಲೆ ಬಾಟಲಿಗೇ ಏರುತ್ತದೆ. ಪಕ್ಕದಲ್ಲಿ ಮುಚ್ಚಳ ಇರಲಿ. ಬ್ರಾಂಡಿ ಇಂಗಿದ ಮೇಲೆ ವೈನ್, ಅದು ಅರ್ಧಕ್ಕಿಳಿದ ಮೇಲೆ ನೀರು.

ಮದ್ಯ ಬೇಡದಿದ್ದರೆ ಎರಡನ್ನೂ ಬಿಡಿ, ತಳಕ್ಕಂಟಿದ ಕಂದನ್ನು 100 ಮಿ.ಲೀ. ನೀರು ಹಾಕಿ ಕೆರೆದು ಬಿಡಿಸಿ. ವೈನಿನ ಹುಳಿ ತಪ್ಪಿಹೋಗುವುದರಿಂದ ಕೊನೆಗೆ ಒಂದು ಚಿಕ್ಕ ಚಮಚ ನಿಂಬೆರಸ. ಹಚ್ಚಿ ಉರಿಸಿದರೂ ಬತ್ತಿಸಿದರೂ ಮದ್ಯ ಪೂರ್ತಿ ಆವಿಯಾಗುವುದಿಲ್ಲ, ಹಾಗಾಗಿ ಅತಿಥಿಗಳಿಗೆ ಮೊದಲೇ ಹೇಳಿಬಿಡಿ.

ಸಣ್ಣುರಿ:
ಅತಿಥಿಗಳ ಮಾತು ಬಂತು, ಅಲರ್ಜಿಯನ್ನೂ ಸೇರಿಸುತ್ತೇನೆ. ಸೀಗಡಿ, ಏಡಿ, ಲಾಬ್‌ಸ್ಟರ್ ಮೂರರಲ್ಲೂ ಅಲರ್ಜಿ ಹುಟ್ಟಿಸುವ ಮುಖ್ಯ ಪ್ರೋಟೀನ್ ಟ್ರೋಪೊಮಯೋಸಿನ್. ಕುದಿಸಿದರೂ ಅದು ಕೆಡುವುದಿಲ್ಲ, ಸ್ಟಾಕಿಗೂ ಇಳಿಯುತ್ತದೆ. 'ಮಾಂಸದ ತುಂಡು ಹಾಕದೆ ಸೂಪು ಮಾತ್ರ ಕೊಡುತ್ತೇನೆ' ಎಂಬುದು ಅಪಾಯ. ಅಂಥವರಿಗೆ ಬೇರೆ ಸೂಪು, ಬೇರೆ ಪಾತ್ರೆ, ಬೇರೆ ಸೌಟು.

ಮರಳುಗಡಿಯಾರ:
ಪ್ರೆಷರ್ ಕುಕ್ಕರ್?

ಉಪ್ಪುನೀರು:
ಹುರಿಯುವ ಹಂತ ಮುಗಿಸಿ ಆಮೇಲೆ ಮುಚ್ಚಿದರೆ ತೊಂದರೆಯಿಲ್ಲ. ಪ್ರೆಷರ್ ಏರಿದ ಮೇಲೆ 12 ನಿಮಿಷ, ತಾನಾಗಿ ಇಳಿಯಲಿ. ನೀರು ಆವಿಯಾಗದ ಕಾರಣ ಒಂದೂವರೆ ಲೀಟರಿನ ಬದಲು 1.2 ಲೀಟರ್ ಸಾಕು. ನೊರೆ ತೆಗೆಯಲಾಗದು, ಸ್ಟಾಕ್ ಕದಡಿರುತ್ತದೆ. ತಿಳಿಯಾಗಬೇಕಾದ ಸೂಪಿಗೆ ಅದು ದೋಷ, ಕ್ರೀಮ್ ಸೇರುವ ಬಿಸ್ಕಿಗೆ ಏನೂ ಅಲ್ಲ.

ಬಿಳಿಪಿಂಗಾಣಿ:
ಕ್ರೀಮ್ ಒಡೆಯುವುದು ಯಾವಾಗ? ಹಾಲು, ಅಥವಾ ಹಾಲಿನ ಮೇಲೆ ಕಟ್ಟುವ ಕೆನೆ ಬಳಸಬಹುದೇ?

ಸಣ್ಣುರಿ:
ಒಡೆಯುವುದು ಹಾಲಿನ ಪ್ರೋಟೀನ್, ಕೊಬ್ಬಲ್ಲ. ಹುಳಿ ಮತ್ತು ಬಿಸಿ ಎರಡೂ ಕೂಡಿದಾಗ ಪ್ರೋಟೀನ್ ಗಂಟು ಕಟ್ಟುತ್ತದೆ. 35% ಕೊಬ್ಬಿನ ಕ್ರೀಮಿನಲ್ಲಿ ಪ್ರೋಟೀನ್ ಪಾಲು ಕಡಿಮೆ, ಕುದಿ ತಗಲಿದರೂ ಸಾಮಾನ್ಯವಾಗಿ ತಡೆಯುತ್ತದೆ. 20% ಕ್ರೀಮ್ ಆದರೆ ಒಲೆ ಆರಿಸಿಯೇ ಹಾಕಬೇಕು. ಹಾಲು ಈ ಸೂಪಿನಲ್ಲಿ ವೈನ್-ಟೊಮೆಟೊ ಹುಳಿಗೆ ಒಡೆದೇ ಒಡೆಯುತ್ತದೆ. ಕಾಯಿಸಿದ ಹಾಲಿನ ಕೆನೆ ಪದರು ಪದರಾಗಿರುತ್ತದೆ, ರುಬ್ಬಿ ಜರಡಿ ಹಿಡಿದರೂ ನಯ ಬರುವುದಿಲ್ಲ.

ಯಾವ ಕ್ರೀಮ್ ಆದರೂ ಫ್ರಿಜ್ಜಿನಿಂದ ತೆಗೆದು ನೇರ ಸುರಿಯಬೇಡಿ. ಬಟ್ಟಲಿನಲ್ಲಿ ಒಂದು ಸೌಟು ಬಿಸಿ ಸೂಪು ಬೆರೆಸಿಕೊಂಡು ಆಮೇಲೆ ಪಾತ್ರೆಗೆ. ನಿಂಬೆರಸ ಏನಿದ್ದರೂ ಕಟ್ಟಕಡೆಗೆ. ಒಡೆದೇಬಿಟ್ಟರೆ ಒಲೆಯಿಂದ ಇಳಿಸಿ, ಎರಡು ಚಮಚ ತಣ್ಣನೆಯ ಗಟ್ಟಿ ಕ್ರೀಮ್ ಹಾಕಿ ರುಬ್ಬಿ ಸೋಸಿ. ಸಣ್ಣಗೆ ಒಡೆದಿದ್ದರೆ ನಯ ಮರಳುತ್ತದೆ, ಗಂಟುಗಂಟಾಗಿದ್ದರೆ ಇಲ್ಲ.

ಹಿತ್ತಾಳೆಸೌಟು:
ಹದ ನೋಡುವುದು ಕ್ರೀಮ್ ಹಾಕುವ ಮೊದಲು. ಚಮಚದ ಬೆನ್ನಿಗೆ ಸೂಪು ಹತ್ತಿ, ಬೆರಳಲ್ಲಿ ಎಳೆದ ಗೆರೆ ಹಾಗೇ ನಿಲ್ಲಬೇಕು. ತೆಳುವಾಗಿದ್ದರೆ ಆಗಲೇ ಬತ್ತಿಸಿ. ಹೊತ್ತಿಲ್ಲದಿದ್ದರೆ ಒಂದು ಚಿಕ್ಕ ಚಮಚ ಜೋಳದ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಒಂದು ನಿಮಿಷ ಕುದಿಸಿ. ಗಟ್ಟಿಯಾದರೆ ಸ್ಟಾಕ್ ಹಾಕಿ, ಕ್ರೀಮ್ ಹಾಕಬೇಡಿ. ಇದಕ್ಕಾಗಿಯೇ ಒಂದು ಕಪ್ ಸ್ಟಾಕ್ ತೆಗೆದಿಟ್ಟುಕೊಳ್ಳಿ.

ಉಪ್ಪು ಎಲ್ಲ ಬತ್ತಿದ ಮೇಲೆಯೇ. ಒಂದು ಲೀಟರಿಗೆ ಒಟ್ಟು 8 ಗ್ರಾಂ ಸುತ್ತಮುತ್ತ ಬರುತ್ತದೆ, ಆದರೆ ಲಾಬ್‌ಸ್ಟರಿನಿಂದಲೇ ಒಂದಿಷ್ಟು ಇಳಿದಿರುತ್ತದೆ, 5 ಹಾಕಿ ನೋಡಿಕೊಂಡು ಏರಿಸಿ. ಕೆಂಪು ಮೆಣಸಿನ ಪುಡಿ ಚಿಟಿಕೆ ಮಾತ್ರ, ಗಂಟಲಲ್ಲಿ ಬೆಚ್ಚಗಾಗಬೇಕೇ ಹೊರತು ಖಾರ ಎನಿಸಬಾರದು.

ಬಿಳಿಪಿಂಗಾಣಿ:
ಸರಿ, ಮಾಂಸ ರಬ್ಬರ್ ಆಗದಂತೆ?

ಉಪ್ಪುನೀರು:
ಮಾಂಸವನ್ನು ಸೂಪಿನ ಪಾತ್ರೆಗೆ ಹಾಕಲೇಬೇಡಿ. ಅರೆಬೆಂದದ್ದನ್ನು ಒಂದೂವರೆ ಸೆಂ.ಮೀ. ತುಂಡು ಮಾಡಿ ಫ್ರಿಜ್ಜಿನಲ್ಲಿಡಿ. ಎರಡು ಲಾಬ್‌ಸ್ಟರಿಗೆ ಸುಮಾರು 300 ಗ್ರಾಂ ಬರುತ್ತದೆ, ತಲಾ 75 ಗ್ರಾಂ. ಬಡಿಸುವ ಐದು ನಿಮಿಷ ಮುಂಚೆ ಸಣ್ಣ ಬಾಣಲೆಯಲ್ಲಿ 30 ಗ್ರಾಂ ಬೆಣ್ಣೆ, ಒಂದು ಚಮಚ ನೀರು ಹಾಕಿ ಅತಿ ಸಣ್ಣ ಉರಿಯಲ್ಲಿ ಕರಗಿಸಿ, ತುಂಡುಗಳನ್ನು ಹೊರಳಿಸಿ. ಬೆಣ್ಣೆ ಚಟಪಟ ಎನ್ನಬಾರದು. ಗಾಜಿನಂತಿದ್ದದ್ದು ಪೂರ್ತಿ ಬೆಳ್ಳಗಾಗುವವರೆಗೆ, ಮೂರು ನಾಲ್ಕು ನಿಮಿಷ. ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 63 ಡಿಗ್ರಿ. ಅಂಗಡಿಯಲ್ಲೇ ಪೂರ್ತಿ ಬೇಯಿಸಿದ ಮಾಂಸವಾದರೆ ಬಿಸಿಯಾಗುವಷ್ಟೇ.

ಬಡಿಸುವಾಗ ಬಟ್ಟಲು ಬಿಸಿಯಾಗಿರಲಿ, ಕುದಿನೀರು ತುಂಬಿಸಿಟ್ಟು ಒರೆಸಿದರೆ ಸಾಕು. ತಣ್ಣನೆಯ ಪಿಂಗಾಣಿಗೆ ಸುರಿದರೆ ಬೆಣ್ಣೆಯ ಅಂಶ ಎರಡೇ ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಮಾಂಸವನ್ನು ನಡುವೆ ಗುಪ್ಪೆಯಾಗಿ ಇಟ್ಟು, ಸೂಪನ್ನು ಜಗ್ಗಿನಿಂದ ಸುತ್ತ ಸುರಿಯಿರಿ. ಊಟದ ಮೊದಲ ಬಟ್ಟಲಾದರೆ 150 ಮಿ.ಲೀ. ಸಾಕು, ಅದೇ ಊಟವಾದರೆ 250. ಮೇಲೆ ಸಣ್ಣಗೆ ಹೆಚ್ಚಿದ ಚೈವ್ಸ್ (ಈರುಳ್ಳಿ ಜಾತಿಯ ತೆಳು ಸೊಪ್ಪು). ಚಿಪ್ಪು ಹುರಿದ ಕೆಂಪು ಬೆಣ್ಣೆಯಲ್ಲಿ ಒಂದು ಚಮಚ ಮೊದಲೇ ತೆಗೆದಿಟ್ಟಿದ್ದರೆ ನಾಲ್ಕು ಹನಿ. ಚೀಸ್ ಬೇಡ.

ಬಿಳಿಪಿಂಗಾಣಿ:
ಕೊನೆಯ ಪ್ರಶ್ನೆ. ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದೇ?

ಜರಡಿ:
ಅಕ್ಕಿ ರುಬ್ಬಿ ಸೋಸಿದ ಹಂತದಲ್ಲಿ ನಿಲ್ಲಿಸಿ. ಕ್ರೀಮ್, ನಿಂಬೆ, ಮೊಟ್ಟೆ-ಬೆಣ್ಣೆ ಯಾವುದೂ ಬೇಡ. ಪಾತ್ರೆಯನ್ನು ಮಂಜುಗಡ್ಡೆ ನೀರಿನಲ್ಲಿ ಕೂರಿಸಿ ಕಲಕುತ್ತ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಅಲ್ಲಿ ಎರಡು ದಿನ, ಫ್ರೀಜರಿನಲ್ಲಿ ಎರಡು ತಿಂಗಳು. ಕ್ರೀಮ್ ಹಾಕಿ ಫ್ರೀಜ್ ಮಾಡಿದರೆ ಕರಗಿಸುವಾಗ ನೀರು-ಕೊಬ್ಬು ಬೇರೆಯಾಗುತ್ತದೆ. ಅರೆಬೆಂದ ಮಾಂಸವನ್ನು ಬೇರೆ ಡಬ್ಬಿಯಲ್ಲಿ, ಒಂದೇ ರಾತ್ರಿ. ಮರುದಿನ ಸೂಪನ್ನು ಪೂರ್ತಿ ಕುದಿ ಬರುವವರೆಗೆ ಕಾಯಿಸಿ, ತೆಗೆದಿಟ್ಟ ಸ್ಟಾಕಿನಿಂದ ಹದ ಮಾಡಿಕೊಂಡು, ಉರಿ ಇಳಿಸಿದ ಮೇಲೆ ಕ್ರೀಮ್ ಹಾಕಿ.

ಬಿಳಿಪಿಂಗಾಣಿ:
ಫ್ರೀಜರಿನಲ್ಲಿ ಹಿಂದಿನ ಸಲದ ಒಂದು ಲಾಬ್‌ಸ್ಟರಿನ ಕುದಿಸಿದ ಚಿಪ್ಪು ಉಳಿದಿದೆ. ಹೊಸದರ ಜೊತೆ ಸೇರಿಸಬಹುದೇ?

ಸಣ್ಣುರಿ:
ಮಾಂಸ ಬಿಡಿಸಲು ಕುದಿಸಿದ್ದಷ್ಟೇ ಆದರೆ ಸೇರಿಸಿ, ಓವನ್ನಿನಲ್ಲಿ 200 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಿ ಹುರಿದುಕೊಂಡು. ಒಮ್ಮೆ ಸ್ಟಾಕ್ ತೆಗೆದ ಚಿಪ್ಪಾದರೆ ಅದರಲ್ಲಿ ಇನ್ನು ಸುಣ್ಣ ಬಿಟ್ಟು ಏನೂ ಇಲ್ಲ.